ಗಾಮೇ ದ್ರಾಕ್ಷಿಯೂ ದಾದರಿನ ಬಂಗುಡೆಯೂ

ಕೆಂಪು ವೈನಿಗೆ ಮಾಂಸ, ಬಿಳಿ ವೈನಿಗೆ ಮೀನು. ವೈನಿನ ವಿಷಯ ಬೇರೇನೂ ತಿಳಿಯದವರಿಗೂ ಈ ಒಂದು ಸೂತ್ರ ಮಾತ್ರ ಹೇಗೋ ತಿಳಿದಿರುತ್ತದೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದಾಗ ಮುಂಬಯಿಯ ದೊಡ್ಡ ಹೋಟೆಲುಗಳ ಕೆಲವು ಊಟಗಳಿಗೆ ನಾನು ಹೋಗಬೇಕಾಗಿ ಬಂದಿತ್ತು. ಅಲ್ಲಿಯ ಮೆನು ಕಾರ್ಡಿನಲ್ಲಿ ಪದಾರ್ಥದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದಕ್ಕೆ ಇಂಥ ವೈನು ಎಂದು ಅಚ್ಚಾಗಿರುತ್ತಿತ್ತು. ಆಗಿನಿಂದ ನನಗೊಂದು ಕುತೂಹಲ. ಈ ಸೂತ್ರ ಮಾಡಿದವರ ಎದುರಿಗೆ ಇದ್ದ ಮೀನು ಯಾವುದು? ಬೆಣ್ಣೆಯಲ್ಲಿ ಬಾಡಿಸಿ ನಿಂಬೆ ಹಿಂಡಿದ ಬಿಳಿ ಮೀನೇ, ಅಥವಾ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಬಳಿದ ಬಂಗುಡೆಯೇ? ಎರಡನೆಯದು ಖಂಡಿತ ಅಲ್ಲ. ಹಾಗಾದರೆ ದಾದರಿನಲ್ಲಿ ಕುಳಿತು ಬಂಗುಡೆ ತಿನ್ನುವ ನನ್ನಂಥವನಿಗೆ ಆ ಸೂತ್ರದಿಂದ ಆಗಬೇಕಾದ್ದೇನು?

ಇಲ್ಲಿ ನಾನು ಒಂದೇ ಒಂದು ವೈನನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಹೆಸರು ಬೋಜೊಲೆ. ಫ್ರಾನ್ಸಿನ ಕೆಂಪು ವೈನು. ಬೋರ್ಡೊ, ಬರ್ಗಂಡಿ ಎಂದರೆ ಕಿವಿ ನೆಟ್ಟಗೆ ಮಾಡುವ ಜನ ಬೋಜೊಲೆ ಎಂದರೆ ಸ್ವಲ್ಪ ಮೂಗು ಮುರಿಯುತ್ತಾರೆ. ಆ ಮೂಗು ಮುರಿಯುವಿಕೆಗೆ 600 ವರ್ಷದ ಇತಿಹಾಸ ಉಂಟು; ಊರು ಬಿಟ್ಟವರ ಬಗೆಗಿನ ಈ ಪುಸ್ತಕದಲ್ಲಿ ವೈನಿಗೆ ಜಾಗ ಕೇಳುವ ಧೈರ್ಯ ನನಗೆ ಬಂದದ್ದೂ ಆ ಇತಿಹಾಸದಿಂದಲೇ. ಕುಡಿತದ ಪ್ರಚಾರ ನನ್ನ ಉದ್ದೇಶವಲ್ಲ. ಕುಡಿಯದವರು ಇದನ್ನು ಅಡುಗೆಯ ವಿಚಾರವೆಂದೇ ಓದಬಹುದು. ಹಾಗೆ ನೋಡಿದರೆ ಮುಂಬಯಿಯಲ್ಲಿ ಕುಡಿಯುವವನೂ 1949ರ ಪಾನನಿಷೇಧ ಕಾನೂನಿನ ಅಡಿಯಲ್ಲಿಯೇ ಕುಡಿಯಬೇಕು. ಅದಕ್ಕೆ ಸರಕಾರದ ಪರವಾನಗಿ ಪತ್ರ ಬೇಕು. ಆರೋಗ್ಯ ಕಾಪಾಡಿಕೊಳ್ಳುವುದಕ್ಕಾಗಿ ಈ ಪರವಾನಗಿ ಎಂದು ಆ ಪತ್ರ ಹೇಳುತ್ತದೆ. ಮನೆಯವರಿಗೆ ತೋರಿಸಲು ಇಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ.

ಬೋಜೊಲೆ ಆಗುವುದು ಗಾಮೇ ಎಂಬ ಕರಿ ದ್ರಾಕ್ಷಿಯಿಂದ. ಇದರ ಹುಟ್ಟೂರು ಬರ್ಗಂಡಿ. ಬೋನ್ ಪಟ್ಟಣದ ಹತ್ತಿರ ಇದೇ ಹೆಸರಿನ ಒಂದು ಹಳ್ಳಿಯೂ ಇದೆ. ಬರ್ಗಂಡಿಯ ಪಟ್ಟದ ದ್ರಾಕ್ಷಿ ಪಿನೋ ನ್ವಾರ್. ಗಾಮೇ ಅದರದೇ ಮಗು. ತಂದೆ-ತಾಯಿಗಳಲ್ಲಿ ಒಂದು ಪಿನೋ, ಇನ್ನೊಂದು ಗುವೇ ಎಂಬ ಸಾಧಾರಣ ಬಿಳಿ ದ್ರಾಕ್ಷಿ ಎಂದು 1999ರಲ್ಲಿ ವಂಶವಾಹಿ ಪರೀಕ್ಷೆಯಿಂದ ಗೊತ್ತಾಯಿತು. ಪಿನೋ ಬೆಳೆಯುವುದು ಕಷ್ಟ, ಕೊಡುವುದು ಕಮ್ಮಿ. ಗಾಮೇ ಬೇಗ ಹಣ್ಣಾಗುತ್ತದೆ, ರಾಶಿ ಕೊಡುತ್ತದೆ. ಪ್ಲೇಗಿನಲ್ಲಿ ಜನ ಸತ್ತು ಕೂಲಿಯಾಳುಗಳೇ ಸಿಗದಿದ್ದ 14ನೆಯ ಶತಮಾನದಲ್ಲಿ ರೈತರು ಗಾಮೇಯ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಬರ್ಗಂಡಿಯ ಡ್ಯೂಕನಾಗಿದ್ದ ಫಿಲಿಪ್‌ಗೆ ಅದು ಸರಿ ಕಾಣಲಿಲ್ಲ. ತನ್ನ ನಾಡಿನ ವೈನಿನ ಹೆಸರು ಕೆಡುತ್ತದೆಂದು 1395ರ ಜುಲೈ 31ರಂದು ಆಜ್ಞೆ ಹೊರಡಿಸಿದ. ಗಾಮೇ ಕೆಟ್ಟ ಗಿಡ, ನಂಬಿಕೆದ್ರೋಹಿ ಗಿಡ, ಇದನ್ನು ಕಿತ್ತುಹಾಕಬೇಕು ಎಂದು. ಗಿಡಕ್ಕೆ ದ್ರೋಹದ ಆರೋಪ! ಸಾಲ ಕಟ್ಟದವನ ಮೇಲೂ ನಾವು ಬ್ಯಾಂಕಿನವರು ಅಷ್ಟು ದೊಡ್ಡ ಮಾತು ಬಳಸುತ್ತಿರಲಿಲ್ಲ.

ಗಾಮೇ ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ಹೊರಟಿತೆಂದೇನೂ ಅಲ್ಲ. ವೈನಿನ ಪುಸ್ತಕಗಳಲ್ಲಿ ಕತೆಯನ್ನು ಹಾಗೆ ಹೇಳುವುದುಂಟು, ಕೇಳಲು ಚೆನ್ನಾಗಿರುತ್ತದೆ. ನಿಜವಾಗಿ ಆಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು, ರೈತರು ಕದ್ದುಮುಚ್ಚಿ ನೆಡುತ್ತಲೇ ಇದ್ದರು. ಆದರೆ ಮುಂದಿನ ಶತಮಾನಗಳಲ್ಲಿ ಅದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಮಾತ್ರ ದಕ್ಷಿಣದ ಬೋಜೊಲೆ ಸೀಮೆಯಲ್ಲಿ. ಅದು ಡ್ಯೂಕನ ಆಡಳಿತಕ್ಕೆ ಸೇರಿದ ನಾಡಾಗಿರಲಿಲ್ಲ. ಅಲ್ಲಿಯ ನೆಲವೇ ಬೇರೆ. ಬರ್ಗಂಡಿಯದು ಸುಣ್ಣದಕಲ್ಲಿನ ಮಣ್ಣು, ಬೋಜೊಲೆಯ ಉತ್ತರದ ಗುಡ್ಡಗಳದು ಗ್ರಾನೈಟು. ಹುಟ್ಟೂರಿನ ಸುಣ್ಣದಕಲ್ಲಿನ ಮೇಲೆ ಸಪ್ಪೆಯಾಗಿದ್ದ ಗಾಮೇ ಪರವೂರಿನ ಗ್ರಾನೈಟಿನ ಮೇಲೆ ಸುವಾಸನೆ ಬಿಟ್ಟಿತು. ಇಂದು ಆ ಗುಡ್ಡಗಳಲ್ಲಿ ತಮ್ಮದೇ ಹೆಸರಿನಲ್ಲಿ ವೈನು ಮಾರುವ ಹಕ್ಕಿರುವ 10 ಊರು-ಕೇರಿಗಳಿವೆ. ಮೋರ್ಗೋನ್, ಫ್ಲೂರಿ, ಮೂಲ್ಯಾಂ-ಆ-ವಾಂ ಮೊದಲಾದವಕ್ಕೆ ಆ ಹಕ್ಕು 1936ರಲ್ಲಿ ಸಿಕ್ಕಿತು, ಕೊನೆಯದಾಗಿ ರೆನ್ಯೇ ಎಂಬುದಕ್ಕೆ 1988ರಲ್ಲಿ. ಮೋರ್ಗೋನಿನವರು ತಮ್ಮ ಮಣ್ಣನ್ನು ಕೊಳೆತ ಕಲ್ಲು ಎಂದು ಕರೆಯುತ್ತಾರೆ. ಕೈಯಲ್ಲಿ ಪುಡಿಯಾಗುವ ಹಳೆಯ ಪದರುಗಲ್ಲು ಅದು. ಅಲ್ಲಿಯ ವೈನು ಗಟ್ಟಿ, ವರ್ಷ ಕಳೆದಷ್ಟೂ ಪಕ್ವವಾಗುವಂಥದು. ಫ್ಲೂರಿ ಹಗುರ. ನನಗೆ ಹತ್ತೂ ರುಚಿ ನೋಡುವ ಭಾಗ್ಯ ಬಂದಿಲ್ಲ, ನಾಲ್ಕು ನೋಡಿದ್ದೇನೆ. ಪರದೇಶದಿಂದ ಬರುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರು. ನನ್ನ ವಿಮರ್ಶೆ ನಿಂತಿರುವುದು ಆ ಎರಡು ಲೀಟರಿನಲ್ಲಿ ನನಗೆ ಪಾಲು ಕೊಟ್ಟ ನೆಂಟರಿಷ್ಟರ ಮೇಲೆ.

ಇನ್ನು ರುಚಿ. ಕೆಂಪು ವೈನಿನಲ್ಲಿ ನಾಲಿಗೆಯನ್ನು ಹಿಡಿದೆಳೆಯುವಂಥ ಒಂದು ಗುಣ ಇರುತ್ತದೆ. ಅದಕ್ಕೆ ಟ್ಯಾನಿನ್ ಎನ್ನುತ್ತಾರೆ. ವೈನಿನ ಲೇಖಕರು ಅದನ್ನು ವಿವರಿಸಲು ರೇಷ್ಮೆ, ಮಖಮಲ್ಲು, ಚರ್ಮ ಎಂದೆಲ್ಲ ಒದ್ದಾಡುತ್ತಾರೆ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಶಬ್ದವೇ ಉಂಟು, ಒಗರು. ಗೇರುಹಣ್ಣು ಕಚ್ಚಿದವನಿಗೆ, ಎಳೆ ಅಡಿಕೆ ಅಗಿದವನಿಗೆ ಬೇರೆ ವಿವರಣೆ ಬೇಡ. ಬೋರ್ಡೊ ವೈನಿನಲ್ಲಿ ಈ ಒಗರು ಜಾಸ್ತಿ. ಮಾಂಸದ ಕೊಬ್ಬು ಮತ್ತು ಪ್ರೋಟೀನು ಆ ಒಗರನ್ನು ಹೀರಿಕೊಂಡು ಮೆತ್ತಗೆ ಮಾಡುತ್ತವೆ, ಅದಕ್ಕೇ ಅದಕ್ಕೆ ಮಾಂಸ ಬೇಕು. ಬೋಜೊಲೆಯಲ್ಲಿ ಒಗರು ಕಡಿಮೆ, ಹುಳಿ ಹೆಚ್ಚು. ಕಾರಣ ಗಾಮೇಯ ಜಾತಿಗುಣ ಒಂದು, ಮಾಡುವ ಕ್ರಮ ಇನ್ನೊಂದು. ಇಲ್ಲಿ ದ್ರಾಕ್ಷಿಯನ್ನು ಜಜ್ಜುವುದಿಲ್ಲ. ಗೊಂಚಲು ಗೊಂಚಲಾಗಿಯೇ ದೊಡ್ಡ ತೊಟ್ಟಿಗೆ ತುಂಬಿ ಮುಚ್ಚುತ್ತಾರೆ. ಅಡಿಯ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗಲು ಶುರುವಾಗಿ, ಅದರಿಂದ ಏಳುವ ಇಂಗಾಲದ ಅನಿಲ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತದೆ. ಉಸಿರಿಲ್ಲದ ಆ ಸ್ಥಿತಿಯಲ್ಲಿ ಮೇಲಿನ ಇಡೀ ಹಣ್ಣುಗಳು ತಮ್ಮ ಸಿಪ್ಪೆಯ ಒಳಗೆಯೇ ಹುದುಗತೊಡಗುತ್ತವೆ. ಹೀಗೆ ಆದಾಗ ಸಿಪ್ಪೆ-ಬೀಜದ ಒಗರು ರಸಕ್ಕೆ ಹೆಚ್ಚು ಇಳಿಯುವುದಿಲ್ಲ, ಹಣ್ಣಿನ ಪರಿಮಳ ಉಳಿಯುತ್ತದೆ.

ಮೊದಲ ಸಲ ನನ್ನ ಹೆಂಡತಿಗೆ ಒಂದು ಗುಟುಕು ಕೊಟ್ಟೆ. ಅವಳಿಗೆ ಫ್ರಾನ್ಸೂ ಬೇಡ, ಟ್ಯಾನಿನ್ನೂ ಬೇಡ. ಬಾಯಲ್ಲಿ ಒಂದು ಸುತ್ತು ತಿರುಗಿಸಿ, "ಇದೆಂತದು, ಬೆಲ್ಲ ಹಾಕದ ಪುನರ್ಪುಳಿ ಸಾರಿನ ಹಾಗೆ ಉಂಟಲ್ಲ" ಎಂದಳು. ಬೋಜೊಲೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇಷ್ಟು ಸರಿಯಾದ ವಿಮರ್ಶೆ ಸಿಕ್ಕಿರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕಿಂತ ಮೊದಲು ಈ ವೈನನ್ನು ಅದರ ಊರಿನವರು ಏನು ತಿನ್ನುತ್ತಾ ಕುಡಿಯುತ್ತಾರೆ ಎಂದು ನೋಡಬೇಕು.

ಬೋಜೊಲೆಯ ಗಿರಾಕಿ ಲಿಯಾನ್ ನಗರ. ಗುಡ್ಡದ ದಕ್ಷಿಣದ ತುದಿಗೇ ಅದು ಅಂಟಿಕೊಂಡಿದೆ. ಲಿಯಾನಿಗೆ ರೋನ್, ಸೋನ್ ಅಲ್ಲದೆ ಬೋಜೊಲೆ ಎಂಬ ಮೂರನೆಯ ನದಿಯೂ ಹರಿಯುತ್ತದೆಂದು ಅಲ್ಲಿಯವರ ತಮಾಷೆ. ಆ ನದಿಯ ನೀರು ಕುಡಿದವರಲ್ಲಿ ಮುಖ್ಯರು ರೇಷ್ಮೆ ನೇಯುವ ಕಾರ್ಮಿಕರು, ಕಾನ್ಯೂಗಳು. 1831 ಮತ್ತು 1834ರಲ್ಲಿ ಕೂಲಿಗಾಗಿ ದಂಗೆಯೆದ್ದು ಗುಂಡು ತಿಂದ ಜನ. ಕತ್ತಲು ಹರಿಯುವ ಮೊದಲೇ ಕೆಲಸಕ್ಕೆ ಇಳಿದು, ಬೆಳಗಿನ ಹೊತ್ತಿಗೆ ಅವರು ಮಾಡುತ್ತಿದ್ದ ಗಟ್ಟಿ ತಿಂಡಿಗೆ ಮಾಶೋಂ ಎಂದು ಹೆಸರು. ತಟ್ಟೆಯಲ್ಲಿ ಏನು? ಸಾಹುಕಾರರು ತಿನ್ನದೆ ಬಿಟ್ಟ ಭಾಗಗಳು: ಕರುಳು ತುಂಬಿದ ಸಾಸೇಜು, ದನದ ಹೊಟ್ಟೆಯ ಚೀಲವನ್ನು ಬೇಯಿಸಿ ರೊಟ್ಟಿಪುಡಿ ಸವರಿ ಹುರಿದದ್ದು, ಹಂದಿಯ ತಲೆ-ಕಾಲು. ನಮ್ಮ ಮಾತಿನಲ್ಲಿ ಬೋಟಿ. ಜೊತೆಗೆ ದಪ್ಪ ತಳದ 46 ಸೆಂಟಿಲೀಟರಿನ ಶೀಸೆಯಲ್ಲಿ ಪೀಪಾಯಿಯಿಂದ ಬಗ್ಗಿಸಿಕೊಟ್ಟ ಬೋಜೊಲೆ. ಜಿಡ್ಡಿನ ಬೋಟಿಗೆ ಹುಳಿ ವೈನು ಸರಿಯಾಗುತ್ತದೆ, ಬಾಯಿ ತೊಳೆದ ಹಾಗೆ ಆಗುತ್ತದೆ. ಬೂಶೋಂ ಎಂಬ ಅಲ್ಲಿಯ ಸಣ್ಣ ಊಟದ ಮನೆಗಳಲ್ಲಿ ಇಂದಿಗೂ ಇದೇ ಜೋಡಿ.

ದಾದರಿನಲ್ಲಿದ್ದುಕೊಂಡು ಇದನ್ನು ಓದುವಾಗ ಗಿರಣಗಾಂವ್ ನೆನಪಾಗದೆ ಇರುತ್ತದೆಯೇ? ಪರೇಲ್, ಲಾಲ್‌ಬಾಗ್, ನಾಯಗಾಂವ್‌ಗಳ ಬಟ್ಟೆ ಗಿರಣಿಗಳು ದಾದರಿನ ಹೊಸ್ತಿಲಿನ ತನಕ ಇದ್ದವು. ಶಿವಸೇನಾ ಭವನದ ಎದುರಿನ ಕೊಹಿನೂರ್ ಗಿರಣಿಯ ಜಾಗದಲ್ಲಿ ಈಗ ಗಾಜಿನ ಗೋಪುರ ನಿಂತಿದೆ. ಪಾಳಿ ಮುಗಿಸಿ ಬಂದ ಕಾರ್ಮಿಕ ಖಾನಾವಳಿಯ ಊಟಕ್ಕೆ ಕೂರುತ್ತಿದ್ದ, ಅಥವಾ ನಮ್ಮ ಊರಿನ ಹುಡುಗರು ಹಗಲು ದುಡಿದು ರಾತ್ರಿಶಾಲೆಗೆ ಓಡುತ್ತಿದ್ದ ಉಡುಪಿ ಹೋಟೆಲುಗಳಿಗೆ ಬರುತ್ತಿದ್ದ. 1982ರ ಜನವರಿಯಲ್ಲಿ ಶುರುವಾದ ದತ್ತಾ ಸಾಮಂತರ ಮುಷ್ಕರದ ನಂತರ ಆ ಲೋಕ ಕರಗಿತು. ನಾನು ಹೇಳಹೊರಟದ್ದು ಇಷ್ಟೆ. ಬೋಜೊಲೆ ಗಿರಣಿಗಾಂವಿನ ಜಾತಿಯ ವೈನು. ಅದನ್ನು ತಂದು ಹೋಟೆಲಿನ ತೆಳ್ಳನೆಯ ಗಾಜಿನಲ್ಲಿ ಎರಡು ಬೆರಳು ಸುರಿದು, ಸಾಹೇಬರ ಪಾನೀಯವೆಂದು ಬಿಲ್ಲು ಮಾಡುವುದು ಖಾನಾವಳಿಯ ಝುಣಕಾ-ಭಾಕರಿಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಮಾರಿದ ಹಾಗೆ. ಇದರಲ್ಲಿ ಅಬಕಾರಿ ಲೆಕ್ಕದ್ದೂ ಪಾಲಿದೆ. ಬಾಟಲಿಯ ವಿದೇಶಿ ವೈನಿಗೆ ವರ್ಷಗಟ್ಟಲೆ ನಡೆದುಬಂದ ಆಮದು ಸುಂಕ ಶೇಕಡಾ 150. ಬಂದರಿಗೆ 600 ರೂಪಾಯಿಗೆ ಬಂದ ಬಾಟಲಿ ಎಂದಿಟ್ಟುಕೊಳ್ಳಿ, ಸುಂಕ ಕಟ್ಟಿ ಹೊರಬರುವಾಗ 1500. ರಾಜ್ಯದ ತೆರಿಗೆ, ವ್ಯಾಪಾರಿಯ ಲಾಭ, ಹೋಟೆಲಿನವನ ಲಾಭ ಆ ಮೇಲೆ. ನೇಕಾರನ ವೈನು ಕಾರ್ಖಾನೆಯ ಮಾಲಿಕನದಾಗಲು ಇಷ್ಟು ಸಾಕು.

ಬೋಜೊಲೆಯ ಹೆಸರು ಕೆಡಿಸಿದ್ದು ಮಾತ್ರ ಬೋಜೊಲೆಯವರೇ. ಅಲ್ಲಿ ನೂವೋ ಎಂಬ ಹೊಸ ವೈನು ಒಂದಿದೆ. ಸೆಪ್ಟೆಂಬರಿನಲ್ಲಿ ಕೊಯ್ದ ಹಣ್ಣಿನ ವೈನು ನವೆಂಬರಿನಲ್ಲಿ ಮಾರಾಟಕ್ಕೆ. ಮೂಲದಲ್ಲಿ ಅದು ಸುಗ್ಗಿ ಮುಗಿದ ಸಂತೋಷಕ್ಕೆ ಊರವರೇ ಕುಡಿಯುತ್ತಿದ್ದದ್ದು. 1951ರಲ್ಲಿ ಸರಕಾರ ಬೇಗ ಮಾರಲು ಒಪ್ಪಿಗೆ ಕೊಟ್ಟಿತು, 1985ರಿಂದ ನವೆಂಬರಿನ ಮೂರನೆಯ ಗುರುವಾರ ಎಂದು ದಿನ ಗೊತ್ತಾಯಿತು. 2020ರಲ್ಲಿ ತೀರಿಕೊಂಡ ಜಾರ್ಜ್ ದ್ಯೂಬೋಫ್ ಎಂಬ ದೊಡ್ಡ ವ್ಯಾಪಾರಿ ಇದನ್ನು ಜಗತ್ತಿನ ಹಬ್ಬವನ್ನಾಗಿ ಮಾಡಿದ. ವಿಮಾನದಲ್ಲಿ ಜಪಾನಿನವರೆಗೆ ಹೋಗತೊಡಗಿತು. ನಾನು ರುಚಿ ನೋಡಿದ ಒಂದು ನೂವೋ ಬಾಳೆಹಣ್ಣಿನ ಎಸೆನ್ಸ್ ಹಾಕಿದ ಶರಬತ್ತಿನಂತಿತ್ತು. ಆ ಬಾಳೆಹಣ್ಣಿನ ವಾಸನೆ ಮುಚ್ಚಿದ ತೊಟ್ಟಿಯ ಕ್ರಮದಿಂದ, ಅದನ್ನು ಅವಸರದಲ್ಲಿ ಮುಗಿಸಿದ್ದರಿಂದ ಬರುವಂಥದು. ಊಟದ ಜೊತೆ ಅದು ಸಲ್ಲುವುದಿಲ್ಲ. ಲಾಭ ಕಂಡವರು ಬೆಳೆ ಹೆಚ್ಚಿಸಿದರು, ಕೆಲವೇ ವರ್ಷಗಳಲ್ಲಿ ಮಾರಾಟವಾಗದ ವೈನು ರಾಶಿ ಬಿದ್ದು ಸುಡು-ಮದ್ಯಕ್ಕೆ ಹಾಕಬೇಕಾಯಿತು. ಡ್ಯೂಕನ ದೂರು 600 ವರ್ಷದ ಮೇಲೆ ನಿಜವಾದಂತಾಯಿತಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗಲಾರೆ.

ಈ ಸಂದರ್ಭದಲ್ಲಿಯೇ ವಿಮರ್ಶೆಯ ಮೇಲೆ ಒಂದು ಮೊಕದ್ದಮೆಯೂ ನಡೆಯಿತು. 2002ರಲ್ಲಿ ಲಿಯಾನಿನ ಒಂದು ಪತ್ರಿಕೆ ಬೋಜೊಲೆಯನ್ನು ಮಲಕ್ಕೆ ಹೋಲಿಸಿದ ತಜ್ಞರೊಬ್ಬರ ಮಾತನ್ನು ಅಚ್ಚು ಮಾಡಿತು. ಬೆಳೆಗಾರರು ಕೋರ್ಟಿಗೆ ಹೋದರು. 2003ರಲ್ಲಿ ಪತ್ರಿಕೆಗೆ ಭಾರೀ ದಂಡ ಬಿತ್ತು, ಮುಂದೆ ಮೇಲಿನ ನ್ಯಾಯಾಲಯದಲ್ಲಿ ಆ ತೀರ್ಪು ನಿಲ್ಲಲಿಲ್ಲ. ವಿಮರ್ಶಕನಿಗೆ ಬೈಯುವ ಹಕ್ಕು ಇದೆ ಎನ್ನುವವನೇ ನಾನು. ಆದರೆ ನೂವೋ ಕುಡಿದು ಮೋರ್ಗೋನನ್ನು ಬೈಯುವುದು ನ್ಯಾಯವಲ್ಲ. ಕಿತ್ತಳೆ ಬಣ್ಣದ ಪೇಟೆ ಜಿಲೇಬಿ ತಿಂದು ಧಾರವಾಡದವರ ಅಡುಗೆ ಹೀಗೇ ಎಂದಂತಾಗುತ್ತದೆ.

ಇಂಥದೇ ಇನ್ನೊಂದು ಅನ್ಯಾಯ ವೈನಿನ ಪುಸ್ತಕಗಳ ಕೊನೆಯ ಪುಟದಲ್ಲಿ ಕಾಣುತ್ತದೆ. ಫ್ರಾನ್ಸಿನ ಒಂದೊಂದು ಹಳ್ಳಿಯ ಚೀಸಿಗೂ ಬೇರೆ ಬೇರೆ ವೈನು ಹೇಳಿದ ಲೇಖಕ ಕೊನೆಗೆ 'ಇಂಡಿಯನ್ ಫುಡ್' ಎಂದು ಒಂದೇ ಸಾಲು ಬರೆದು, ಸ್ವಲ್ಪ ಸಿಹಿಯಿರುವ ಬಿಳಿ ವೈನು ಅಥವಾ ಬಿಯರು ಎಂದು ಕೈತೊಳೆದುಕೊಳ್ಳುತ್ತಾನೆ. ಅವನ ಭಯವೆಲ್ಲ ಖಾರದ್ದು. ಭಯಕ್ಕೆ ಆಧಾರವಿಲ್ಲವೆಂದಲ್ಲ, ಮದ್ಯಸಾರವೂ ಒಗರೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಆದರೆ ಯಾವ ಮೆಣಸು ಎಂದು ಅವನು ಕೇಳುವುದಿಲ್ಲ. ಬ್ಯಾಡಗಿ ಮೆಣಸು ಕೊಡುವುದು ಬಣ್ಣ ಜಾಸ್ತಿ, ಖಾರ ಕಮ್ಮಿ. ಇಲ್ಲಿಯ ಲವಂಗಿ ಮೆಣಸು ನಾಲಿಗೆಯನ್ನೇ ಸುಡುತ್ತದೆ. ಎರಡೂ ಕೆಂಪು, ಎರಡೂ 'ಇಂಡಿಯನ್'. ನಮ್ಮ ಕುಂದಾಪುರದ ಕೋಳಿ ಘೀ ರೋಸ್ಟ್ ನೋಡಿದ ಫ್ರೆಂಚಿನವ ಅದರ ಬಣ್ಣಕ್ಕೇ ಹೆದರಿ ಓಡಬಹುದು. ತಿಂದರೆ ತುಪ್ಪ, ಮೊಸರಿನ ಹುಳಿ, ಹುರಿದ ಮೆಣಸಿನ ಘಮ. ಖಾರ ಆಮೇಲೆ.

ಈಗ ಮೀನಿನ ಸೂತ್ರಕ್ಕೆ ಬರುತ್ತೇನೆ. ದಾದರಿನ ಮಾಲ್ವಣಿ, ಗೋಮಾಂತಕ ಊಟದ ಮನೆಗಳಲ್ಲಿ ಮೀನಿನ ಥಾಲಿ ತೆಗೆದುಕೊಂಡರೆ ಜೊತೆಗೆ ಸಣ್ಣ ಲೋಟದಲ್ಲಿ ಸೋಲ್ ಕಡಿ ಬರುತ್ತದೆ. ಕೋಕಮಿನ ರಸಕ್ಕೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿಸಿದ ಗುಲಾಬಿ ಬಣ್ಣದ ಪಾನೀಯ. ಕೋಕಂ ಎಂದರೆ ನಮ್ಮ ಪುನರ್ಪುಳಿ. ರತ್ನಾಗಿರಿಯಿಂದ ಉತ್ತರ ಕನ್ನಡ, ಉಡುಪಿ, ಮಂಗಳೂರು ದಾಟುವ ತನಕ ಈ ಕರಾವಳಿಯ ಉದ್ದಕ್ಕೂ ಮೀನು ತಿನ್ನುವ ಜನ ಅದರ ಕೆಂಪು ಹುಳಿಯನ್ನು ಊಟದ ಪಕ್ಕದಲ್ಲಿ ಇಟ್ಟುಕೊಂಡೇ ಬಂದಿದ್ದಾರೆ, ಒಂದೆಡೆ ಕಡಿ, ಒಂದೆಡೆ ಸಾರು. ಅಂದರೆ ಮೀನಿನ ಜೊತೆ ಕೆಂಪು ಪಾನೀಯ ಸಲ್ಲದು ಎಂಬುದು ಈ ದಂಡೆಯವರಿಗೆ ಗೊತ್ತೇ ಇಲ್ಲ! ಬಣ್ಣದ ಮಾತೇ ಇಲ್ಲಿಲ್ಲ. ಮೀನಿಗೆ ಬೇಕಾದ್ದು ಹುಳಿ, ಬೇಡದ್ದು ಒಗರು. ಬಿಳಿ ವೈನು ಫ್ರಾನ್ಸಿನಲ್ಲಿ ಮೀನಿಗೆ ಒಪ್ಪಿದ್ದೂ ಈ ಕಾರಣದಿಂದಲೇ ಇರಬೇಕು. 2009ರಲ್ಲಿ ಜಪಾನಿನ ಸಂಶೋಧಕರು ಇನ್ನೂ ಒಂದು ಕಾರಣ ಕಂಡುಹಿಡಿದರು. ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಿದ್ದರೆ ಮೀನು ತಿಂದ ಮೇಲೆ ಬಾಯಲ್ಲಿ ಹಸಿ ಮೀನಿನ ನಾತ ಉಳಿಯುತ್ತದೆ. ಕೆಂಪು ವೈನಿನಲ್ಲಿ ಕಬ್ಬಿಣ ಹೆಚ್ಚಿರುವುದು ಸಾಮಾನ್ಯ, ಆದರೆ ಬಾಟಲಿಯಿಂದ ಬಾಟಲಿಗೆ ಅದು ಬೇರೆ ಬೇರೆ.

ಪುನರ್ಪುಳಿ ಎಂದ ನನ್ನ ಹೆಂಡತಿಯ ಮಾತಿನ ಬೆಲೆ ನನಗೆ ಗೊತ್ತಾದದ್ದು ಇಲ್ಲಿ. ಕೋಕಮಿಗೆ ಇಟ್ಟ ಜಾಗದಲ್ಲಿ ಬೋಜೊಲೆ ಬಂದು ಕೂತುಕೊಳ್ಳುತ್ತದೆ. ಸಿಟಿಲೈಟ್ ಹತ್ತಿರದ ಗೋಪಿ ಟ್ಯಾಂಕ್ ಮಾರ್ಕೆಟಿನಿಂದ ತಂದ ಬಂಗುಡೆಗೆ ಮಸಾಲೆ ಸವರಿ ಕಾವಲಿಯಲ್ಲಿ ಗರಿಗರಿ ಹುರಿದು, ಪಕ್ಕದಲ್ಲಿ ಬ್ರೂಯಿ ಎಂಬ ಬೋಜೊಲೆ ಇಟ್ಟು ನೋಡಿದ್ದೇನೆ. ಬಂಗುಡೆಯ ಎಣ್ಣೆಯನ್ನು ಹುಳಿ ಕತ್ತರಿಸುತ್ತದೆ, ಹುರಿದ ಮಸಾಲೆ ವೈನಿನ ಹಣ್ಣಿನ ರುಚಿಯನ್ನು ಎತ್ತುತ್ತದೆ. ನಾತದ ಸುಳಿವಿಲ್ಲ. ಅದೇ ಬಂಗುಡೆಯನ್ನು ಪುಳಿಮುಂಚಿ ಮಾಡಿದ ದಿನ ಮಾತ್ರ ವೈನು ಸೋತಿತು. ಹುಣಸೆಯ ಹುಳಿಯ ಎದುರು ಅದು ನೀರು. ತಟ್ಟೆಯ ಹುಳಿ ಲೋಟದ ಹುಳಿಗಿಂತ ಹೆಚ್ಚಿರಬಾರದು ಎಂದು ತಜ್ಞರು ಹೇಳುವುದುಂಟು, ಅದು ಸರಿಯಾದ ಮಾತೇ. ಬೋಂಬಿಲ್ ಫ್ರೈಗೆ ಆದೀತು. ಕೋರಿ ರೊಟ್ಟಿಗೆ ಚೆನ್ನಾಗಿ ಆಗುತ್ತದೆ, ಗಸಿಯ ತೆಂಗಿನಕಾಯಿ ಖಾರವನ್ನು ತಡೆಯುವುದರಿಂದ. ಘೀ ರೋಸ್ಟಿಗೆ ಗಟ್ಟಿಯ ಮೋರ್ಗೋನ್ ಸರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಜೋಡಿ. ಮೇಲಿನ ಮಹಡಿಯ ವಿಜಾಪುರದವರು ಕಳಿಸಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಜೊತೆಗೂ ಕುಡಿದು ನೋಡಿದೆ. ಗುರೆಳ್ಳು, ಶೇಂಗಾದ ಕಮ್ಮನೆ ಕಹಿಗೆ ಅದು ಎಷ್ಟು ಹೊಂದಿತೆಂದರೆ, ಸಸ್ಯಾಹಾರಿಗಳಿಗೆ ಕೆಂಪು ವೈನು ಹೊಂದದು ಎನ್ನುವ ಮೆನು ಕಾರ್ಡಿನವರನ್ನು ಕರೆದು ಬಡಿಸಬೇಕೆನಿಸಿತು. ಕೊಲ್ಹಾಪುರಿ ರಸ್ಸಾದ ಹತ್ತಿರ ಮಾತ್ರ ತರಬೇಡಿ, ಉರಿ ಇಮ್ಮಡಿಯಾಗುತ್ತದೆ. ಬೆಲ್ಲ ಹಾಕಿದ ಪತ್ರೊಡೆಯ ಎದುರೂ ಅದು ಹುಳಿಹುಳಿಯಾಗಿ ಪೇಲವ.

ಇದನ್ನೆಲ್ಲ ಊರಿನಲ್ಲಿ ಹೇಳಿದಾಗ ನನ್ನ ಭಾವ ನಕ್ಕರು. ಉಡುಪಿಯ ಕಡೆ ಗದ್ದೆ-ತೋಟ ನೋಡಿಕೊಂಡು ಊರಿನಲ್ಲಿಯೇ ಉಳಿದವರು ಅವರು. ನಾನು ನಿವೃತ್ತನಾದ ವರ್ಷದಿಂದ ಅವರದು ಒಂದೇ ಪ್ರಶ್ನೆ. "ಅಲ್ಲ ಭಾವಾ, ಇನ್ನೂ ಆ ದಾದರಿನ ಗೂಡಿನಲ್ಲಿ ಎಂತ ಮಾಡ್ತೀರಿ? ಬನ್ನಿ ಮಾರಾಯ್ರೆ ಊರಿಗೆ. ಅಲ್ಲಿಯ ಬಂಗುಡೆಗೆ ರುಚಿ ಉಂಟಾ?" ಆ ದಿನ ಇನ್ನೂ ಒಂದು ಮಾತು ಸೇರಿಸಿದರು: "ಬಂಗುಡೆಗೆ ಕಳ್ಳು ಬಿಟ್ಟು ಬೇರೆ ಎಂತದೂ ಆಗುವುದಿಲ್ಲ. ಊರು ಬಿಟ್ಟವರಿಗೆ ಅದು ಮರ್ತುಹೋಗ್ತದೆ."

ಕಳ್ಳಿನ ವಿಷಯದಲ್ಲಿ ಭಾವ ಹೇಳುವುದು ಪೂರ್ತಿ ನಿಜ. ಬೆಳಿಗ್ಗೆ ಮರದಿಂದ ಇಳಿಸಿದ ತೆಂಗಿನ ಕಳ್ಳು ಸಿಹಿ, ಮಧ್ಯಾಹ್ನಕ್ಕೆ ಹದವಾದ ಹುಳಿ, ರಾತ್ರಿಗೆ ಬಾಯಿಗೆ ಇಡಲಾಗದಷ್ಟು. ಮಧ್ಯಾಹ್ನದ ಆ ಹೊತ್ತಿನಲ್ಲಿ ಮರುವಾಯಿ ಸುಕ್ಕದ ಜೊತೆ, ಹುರಿದ ಬಂಗುಡೆಯ ಜೊತೆ ಅದರ ಸಮಕ್ಕೆ ಬೋಜೊಲೆಯೂ ಬಾರದು, ಯಾವ ವೈನೂ ಬಾರದು. ಒಗರಿಲ್ಲ, ಹುಳಿಯುಂಟು, ಮದ್ಯಸಾರ ಕಡಿಮೆ. ಅಲ್ಲಿಯೂ ಅದೇ ತರ್ಕ. ಆದರೆ ಕಳ್ಳು ಪ್ರಯಾಣ ಮಾಡಲಾರದು. ಉಡುಪಿಯಲ್ಲಿ ಬೆಳಿಗ್ಗೆ ರೈಲು ಹತ್ತಿಸಿದರೆ ದಾದರಿಗೆ ಮುಟ್ಟುವಾಗ ವಿನಿಗರು. ಮುಂಬಯಿಯಲ್ಲಿ ಸ್ಟೇಷನ್ನಿನ ಪಕ್ಕ ನೀರಾ ಮಾರುವ ಕಟ್ಟೆಗಳಿವೆ, ಅದು ಹುಳಿಯಾಗುವ ಮೊದಲಿನ ಸಿಹಿ ರಸ, ಊಟಕ್ಕೆ ಹೊಂದುವಂಥದಲ್ಲ. ಹಾಗಾಗಿ ಊರು ಬಿಟ್ಟವನ ಬಂಗುಡೆಯ ಪಕ್ಕ ಒಂದು ಜಾಗ ಖಾಲಿ ಉಳಿದೇ ಉಳಿಯುತ್ತದೆ. ಇಷ್ಟು ವರ್ಷ ಅಲ್ಲಿ ಸೋಲ್ ಕಡಿ ಇತ್ತು. ಈಗ ಅಪರೂಪಕ್ಕೆ ಗಾಮೇಯೂ ಬರುತ್ತದೆ.

ಊರು ಬಿಟ್ಟ ಮೇಲೆ ರುಚಿ ಇಲ್ಲ ಎಂಬ ಭಾವನ ಮಾತಿಗೆ ಮಾತ್ರ ನನ್ನ ತಕರಾರು. ಬಂಗುಡೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಮಲ್ಪೆಯಲ್ಲಿ ಇಳಿದರೂ ಸಸೂನ್ ಡಾಕಿನಲ್ಲಿ ಇಳಿದರೂ ಅದು ಅರಬೀ ಸಮುದ್ರದ್ದೇ. ಜೂನ್-ಜುಲೈಯ ಮೀನುಗಾರಿಕೆ ನಿಷೇಧದಲ್ಲಿ ಅವರೂ ಮಂಜುಗಡ್ಡೆಯ ಮೀನೇ ತಿನ್ನುವುದು. ಮಸಾಲೆ ಅರೆಯುವವಳು ಅವರ ತಂಗಿಯೇ. ಬದಲಾದದ್ದು ಏನೆಂದರೆ, ದಾದರಿನಲ್ಲಿ 40 ವರ್ಷ ಮಾಲ್ವಣಿಯವರ, ಗೋವಾದವರ, ಗೋಖಲೆ ರಸ್ತೆಯ ಪೋರ್ಚುಗೀಸ್ ಚರ್ಚಿನ ಸುತ್ತಿನ ಕ್ರೈಸ್ತರ ನಡುವೆ ಇದ್ದು ನಮ್ಮ ಅಡುಗೆಗೆ ಒಂದು ಚಿಟಿಕೆ ಅದರದ್ದು, ಒಂದು ಚಿಟಿಕೆ ಇದರದ್ದು ಸೇರಿದೆ. ಆ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಕರಿ ದ್ರಾಕ್ಷಿಯ ವೈನು ಮನೆಯಲ್ಲೇ ಮಾಡುತ್ತಾರೆ. ನಾನು ಬಾಯಿಗಿಟ್ಟ ಮೊದಲ ವೈನೂ ಅದೇ, ಸಿಹಿ, ಲವಂಗದ ವಾಸನೆಯದು. ಡ್ಯೂಕ್ ಫಿಲಿಪ್ ಗಾಮೇಯನ್ನು ತನ್ನ ಅಂಗಳದ ಸುಣ್ಣದಕಲ್ಲಿನ ಮೇಲೆ ನೋಡಿಯೇ ತೀರ್ಮಾನ ಕೊಟ್ಟ, ಗ್ರಾನೈಟಿನ ಮೇಲೆ ಅದು ಏನಾಯಿತು ಎಂದು ನೋಡಲು ಹೋಗಲಿಲ್ಲ. ಭಾವನಿಗೆ ನಾನು ಹೇಳಿದ್ದೂ ಇದನ್ನೇ: ಒಮ್ಮೆ ದಾದರಿಗೆ ಬಂದು ತಿಂದು ಆಮೇಲೆ ಬೈಯಿರಿ. ಅವರು ಮದುವೆ-ಮುಂಜಿಗೆಂದು ಎರಡು ಸಲ ಬಂದಿದ್ದಾರೆ, ಎರಡೂ ಸಲ ಹಾಲ್‌ನಲ್ಲಿಯೇ ಊಟ ಮುಗಿಸಿ ರಾತ್ರಿ ಬಸ್ಸು ಹಿಡಿದಿದ್ದಾರೆ.

ಗ್ರಾನೈಟು ನಮ್ಮ ನಾಡಿನಲ್ಲಿಯೂ ಬೇಕಾದಷ್ಟು ಉಂಟು. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಮನೆತನದವರು ಫ್ರೆಂಚ್ ದ್ರಾಕ್ಷಿ ನೆಟ್ಟು 1990ರ ದಶಕದಿಂದ ವೈನು ಮಾಡಿದರು, ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದರು. 2007ರಲ್ಲಿ ಕರ್ನಾಟಕ ಸರಕಾರ ದ್ರಾಕ್ಷಿ-ವೈನಿಗೆಂದೇ ನೀತಿ ತಂದಿತು. ಆದರೆ ಅಲ್ಲಿ ನೆಟ್ಟದ್ದು ಹೆಚ್ಚಾಗಿ ಕ್ಯಾಬರ್ನೆ, ಶಿರಾಜ್, ಅಂದರೆ ಒಗರಿನ ಜಾತಿಗಳು. ಹೋಟೆಲಿನ ಮೆನು ಕಾರ್ಡಿಗೆ ಅದು ಸರಿ. ಮೀನು, ಕೋಳಿ, ಎಣ್ಣೆಗಾಯಿ ತಿನ್ನುವ ಜನಕ್ಕೆ ಕಡಿಮೆ ಒಗರಿನ, ತಂಪಾಗಿ ಕುಡಿಯುವ ಕೆಂಪು ವೈನೊಂದನ್ನು ಯಾರಾದರೂ ಮಾಡಬೇಕು. 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆ ಹಾಕಿ ಸಿಹಿ ವೈನು ಮಾಡುವುದರಲ್ಲೇ ಮುಗಿಸುತ್ತಾರೆ. ಗೊಂಚಲು ಮುಚ್ಚಿಡುವ ಬೋಜೊಲೆಯ ಕ್ರಮದಲ್ಲಿ ಅದು ಏನಾಗುತ್ತದೆಂದು ನೋಡುವ ಆಸೆ ನನಗಿದೆ. ಅದರ ಗಡುಸು ವಾಸನೆ ಹೋಗಲಾರದು ಅನ್ನುವವರಿದ್ದಾರೆ, ಇರಬಹುದು.

ಊರಿನಲ್ಲಿ ಯಾರಿಗಾದರೂ ಒಂದು ಬಾಟಲಿ ಬೋಜೊಲೆ ಕೈಗೆ ಸಿಕ್ಕಿದರೆ, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಕೇಳಬೇಡಿ. ಅದು ಫ್ರಾನ್ಸಿನ ಕಲ್ಲುಮನೆಯ ಕೋಣೆ. ದಾದರಿನ, ಮಂಗಳೂರಿನ ಕೋಣೆಯಲ್ಲಿ ಅದು ಕಷಾಯವಾಗುತ್ತದೆ. ಫ್ರಿಜ್ಜಿನಲ್ಲಿಡಿ, 13-14 ಡಿಗ್ರಿಗೆ ಇಳಿಯಲಿ. ನೂವೋ ಎಂದು ಬರೆದಿದ್ದರೆ ಬಿಟ್ಟುಬಿಡಿ, ಊರಿನ ಹೆಸರು ಇದ್ದರೆ ತೆಗೆದುಕೊಳ್ಳಿ. ಬೋಗುಣಿಯಂಥ ಗಾಜಿನ ಲೋಟ ಇಲ್ಲದಿದ್ದರೆ ಚಿಂತೆಯಿಲ್ಲ, ಲಿಯಾನಿನ ನೇಕಾರನ ಹತ್ತಿರವೂ ಇರಲಿಲ್ಲ. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು-ಮೂರು ದಿನ ತಡೆಯುತ್ತದೆ. ನಾಲ್ಕನೆಯ ದಿನ ಉಳಿದದ್ದನ್ನು ಪುಳಿಮುಂಚಿಗೆ ಹುಣಸೆಯ ಬದಲು ಹಾಕಲು ಹೋಗಬೇಡಿ. ನನ್ನ ಹೆಂಡತಿ ಮಾಡಿ ನೋಡಿದ್ದಾಳೆ, ಆಗುವುದಿಲ್ಲ.